ಒಡೆಯದ ಕನ್ನಡಕವೂ ಹಿಂದಿನ ಗಾಜಿನ ಬೊಟ್ಟುಗಳೂ

ಪರೀಕ್ಷೆ ಮಾಡದೆ ಯಾವ ವಸ್ತುವನ್ನೂ ಮನೆಗೆ ತಂದವನಲ್ಲ ನಾನು. ಕುಕ್ಕರಿನ ಸೀಟಿಯನ್ನು ಅಂಗಡಿಯಲ್ಲೇ ಬಾಯಿಟ್ಟು ಊದಿ ನೋಡಿದವನು. ಅಂಥವನಿಗೆ ಕಾರು ಓಡಿಸಲು ಒಂದು ತಂಪು ಕನ್ನಡಕ ಆರಿಸುವುದು ಯಾವ ದೊಡ್ಡ ಕೆಲಸ!

ಕನ್ನಡಕ ಬೇಕಾದದ್ದಕ್ಕೆ ಕಾರಣವಿತ್ತು. ಸಿರುಗುಪ್ಪ ರಸ್ತೆಯಲ್ಲಿ ಟಿಪ್ಪರಿನಿಂದ ಹಾರಿದ ಜಲ್ಲಿಕಲ್ಲೊಂದು ತೆರೆದ ಕಿಟಕಿಯಿಂದ ನುಗ್ಗಿ ನನ್ನ ಹಳೆಯ ಕನ್ನಡಕವನ್ನು ಎರಡು ಹೋಳು ಮಾಡಿತ್ತು. ಗಾಬರಿಯಲ್ಲಿ ನಾನು ಕಾರನ್ನು ಭತ್ತದ ಗದ್ದೆಗೆ ಇಳಿಸಿದ್ದೆ. ಅಂದಿನಿಂದ ಹೆಂಡತಿ ಗಿರಿಜಾಳದು ಒಂದೇ ಮಾತು, "ಕಾರು ಮಾರಿಬಿಡ್ರಿ." ಕೊನೆಗೊಂದು ಒಪ್ಪಂದವಾಯಿತು. ಹಚ್ಚೊಳ್ಳಿಯಲ್ಲಿರುವ ನನ್ನ ಅತ್ತೆಯನ್ನು ಕುರುಗೋಡಿನ ಬಸವಣ್ಣನ ಗುಡಿಗೆ ಸುಖವಾಗಿ ಮುಟ್ಟಿಸಿದರೆ ಕಾರು ಉಳಿಯುತ್ತದೆ. ಇಲ್ಲವಾದರೆ ಕೀಲಿ ಅವಳ ಕೈಗೆ!

ಬಳ್ಳಾರಿಯ ಅಂಗಡಿಯವರು ಒಂದು ಕನ್ನಡಕ ತೆಗೆದಿಟ್ಟರು. "ಎಂಥಾ ಪೆಟ್ಟು ಬಿದ್ರೂ ಒಡಿಯಂಗಿಲ್ರಿ ಸರ್. ರೋಡಿನ ಝಳಾನೂ ಕಣ್ಣಿಗೆ ಹೊಡಿಯಂಗಿಲ್ಲ. ಆದ್ರ ಒಂದು ಮಾತು ಕೇಳ್ರಿ..."

ನಾನು ಕೇಳಲಿಲ್ಲ. ಅವರದೇ ಪೇಪರ್‌ವೇಟ್ ಎತ್ತಿಕೊಂಡು ಕನ್ನಡಕದ ಮೇಲೆ ಕುಟ್ಟುತ್ತಿದ್ದೆ. ಟಣ್! ಟಣ್! ಒಂದು ಬಿರುಕೂ ಬಿಡಲಿಲ್ಲ.

ಎರಡನೆಯ ಪರೀಕ್ಷೆ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ನಡೆಯಿತು. ಕನ್ನಡಕ ಹಾಕಿಕೊಂಡು ಕುಳಿತು, "ಗಿರಿಜಾ, ನನ್ನ ಮಾರಿಗೆ ಶೇಂಗಾ ಒಗಿ" ಎಂದೆ. ಅವಳು ಶೇಂಗಾ ಒಗೆದಳು. ಆಮೇಲೆ ಬೆಳ್ಳುಳ್ಳಿ ಗಡ್ಡೆ. ಹುರುಪು ಏರಿ ತೆಂಗಿನಕಾಯಿಗೆ ಕೈ ಹಾಕಿದಾಗ, ಪರೀಕ್ಷೆ ಮುಗಿದಿದೆಯೆಂದು ಘೋಷಿಸಿದೆ.

ಸೋಮವಾರ ಗಿರಿಜಾಳೊಂದಿಗೆ ಹಚ್ಚೊಳ್ಳಿಗೆ ಹೋದೆ. ಅತ್ತೆ ಹಣೆತುಂಬ ವಿಭೂತಿ ಧರಿಸಿ, ಸ್ಟೇರಿಂಗಿಗೂ ಮೂರು ಬೆರಳು ಎಳೆದು ಹಿಂದಿನ ಸೀಟಿನಲ್ಲಿ ಕುಳಿತರು. "ಅಳಿಯಾರ, ಸಾವಕಾಶ ಹೊಡೀರಿ."

ಸಿರುಗುಪ್ಪ ದಾಟುವಾಗ ಮಟಮಟ ಮಧ್ಯಾಹ್ನ. ಅಕ್ಕಿ ಗಿರಣಿಗಳ ಸದ್ದು ಹಿಂದೆ ಉಳಿಯಿತು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಗಾಳಿಯಿಲ್ಲ, ಒಂದು ಕಾಗೆಯ ಕೂಗೂ ಇಲ್ಲ. ಸುಮ್ಮನೆ ಕನ್ನಡಿಯತ್ತ ಕಣ್ಣು ಹಾಯಿಸಿದೆ.

ಅತ್ತೆಯ ತಲೆಯ ಹಿಂದಿನ ಗಾಜಿನಲ್ಲಿ ನೀಲಿ ಬೊಟ್ಟುಗಳು. ಸಾಲುಸಾಲಾಗಿ. ಹೊರಗಿನಿಂದ ಯಾರ್ಯಾರೋ ಬೆರಳೊತ್ತಿ ಕಾರಿಗೆ ಅಂಟಿಕೊಂಡು ಬರುತ್ತಿರುವಂತೆ!

ಕನ್ನಡಕ ತೆಗೆದೆ. ಗಾಜು ಸ್ವಚ್ಛ. ಹಾಕಿದೆ. ಬಂದವು. ತಲೆ ಓರೆ ಮಾಡಿದೆ. ಅವು ಮೆಲ್ಲಗೆ ಬಣ್ಣ ಬದಲಿಸಿದವು, ನನ್ನನ್ನು ಸರಿಯಾಗಿ ನೋಡಲು ತಾವೂ ಓರೆಯಾದಂತೆ.

"ಯಾಕ್ರೀ, ಹಿಂಗ ಬೆವರಾಕ ಹತ್ತೀರಿ?" ಎಂದಳು ಪಕ್ಕದಲ್ಲಿದ್ದ ಗಿರಿಜಾ.

"ಹಿಂದ ಯಾರರ ಅದಾರೇನು?"

"ನಮ್ಮವ್ವ ಅದಾಳ."

"ಅವರನ್ನ ಬಿಟ್ಟು!"

ಹಿಂದಿನಿಂದ ಅತ್ತೆಯ ದನಿ ಬಂತು. "ಗಾಡಿ ನಿಂದ್ರಸ್ರಿ."

ನಿಲ್ಲಿಸಿದೆ. ಎಲ್ಲಿ? ಆ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ನಿಲ್ಲದ ಜಾಗದಲ್ಲಿ. ಹುಣಸೆಮರದ ಬುಡದಲ್ಲಿ! ನನ್ನ ಕಥೆ ಕೇಳಿದ ಅತ್ತೆ ಕನ್ನಡಕ ಇಸಿದುಕೊಂಡು ತಾವೇ ಹಾಕಿಕೊಂಡರು. ಹಿಂದಿನ ಗಾಜಿನತ್ತ ತಿರುಗಿದರು.

"ಹೌದು. ಬಟ್ಟು ಮೂಡ್ಯಾವ."

ಕೆಳಗಿಳಿದು ಆ ಕನ್ನಡಕವನ್ನು ನನ್ನ ತಲೆಯ ಸುತ್ತ ಮೂರು ಸಲ ನಿವಾಳಿಸಿ ಇಳಿ ತೆಗೆದರು. ಇಳಿ ತೆಗೆದದ್ದನ್ನು ಒಡೆದು, ಹಿಂದಿರುಗಿ ನೋಡದೆ ಹೋಗಬೇಕು, ಅದು ಕ್ರಮ. ಬಂಡೆಯ ಮೇಲಿಟ್ಟು ಕಲ್ಲು ಎತ್ತಿ ಹೊಡೆದರು. ಟಣ್! ಜಿಗಿಯಿತು. ಮತ್ತೆ ಹೊಡೆದರು. ಮತ್ತೆ ಜಿಗಿಯಿತು. ಮೂರನೆಯ ಪೆಟ್ಟಿಗೆ ಹಾರಿ, ನಮ್ಮ ಕಡೆಗೇ ಮುಖ ಮಾಡಿ ಕುಳಿತು, ಎರಡು ಕರಿ ಕಣ್ಣುಗಳಿಂದ ನೋಡತೊಡಗಿತು.

ಅತ್ತೆಯ ಕೈಯ ಕಲ್ಲು ಜಾರಿತು. "ಒಡಿಯವಲ್ದು ಗಿರಿಜಾ! ಅದು ಇದರಾಗ ಹೊಕ್ಕೊಂಡು ಕುಂತೈತಿ!"

ಆಗಲಾದರೂ ನಾನು ಸುಮ್ಮನಿರಬೇಕಿತ್ತು. "ಇಲ್ರಿ ಅತ್ತಿ, ಒಡಿಯೂದಿಲ್ಲಂತ ಪರೀಕ್ಷಾ ಮಾಡೇ ತಂದೀನ್ರಿ" ಎಂದೆ, ಹೆಮ್ಮೆಯಿಂದ!

"ಬೇಕಂತಲೇ ತಂದಾರ ನೋಡವ್ವ!" ಎಂದಳು ಗಿರಿಜಾ.

ಅಷ್ಟರಲ್ಲಿ ಕುರುಗೋಡಿನ ಬಸ್ಸು ಬಂತು. ತಾಯಿ ಮಗಳು ಕೈ ಮಾಡಿ ಹತ್ತಿಯೇಬಿಟ್ಟರು. ನಾನು ಕನ್ನಡಕವನ್ನು ಟವೆಲಿನಲ್ಲಿ ಸುತ್ತಿಟ್ಟು, ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿ ಬಸ್ಸಿನ ಹಿಂದೆ ಹೊರಟೆ. ಹಿಂದಿನ ಸೀಟು ಖಾಲಿ. ಖಾಲಿಯೇ ಇರಬೇಕು!

ಗುಡಿಯ ಮುಂದೆ ಅವರಿಬ್ಬರ ಎದುರೇ ನಿಂತು ಅಂಗಡಿಯವರಿಗೆ ಫೋನ್ ಮಾಡಿದೆ. "ಅದನ್ನ ಹೇಳಾಕ ಬಂದಿದ್ನೆಲ್ರಿ ಸರ್! ಈ ನಮೂನಿ ಕನ್ನಡಕ ಹಾಕ್ಕೊಂಡ್ರ ಕಾರಿನ ಗಟ್ಟಿ ಗಾಜಿನ್ಯಾಗ ಅದನ್ನ ಕಾಸಿದಾಗ ಬಿದ್ದ ಗುರುತು ಬೊಟ್ಟು ಬೊಟ್ಟು ಕಾಣ್ತಾವ. ನೀವು ಕುಟ್ಟೂದ್ರಾಗ ಇದ್ರಿ."

ಸ್ಪೀಕರಿನಲ್ಲಿ ಕೇಳಿದ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಜೀವ ಬಂತು. ಕಾರು ಉಳಿಯಿತೆಂದು ಧೈರ್ಯವಾಗಿ ಅವರಿಗೆ ಹಿಂದಿನ ಬಾಗಿಲು ತೆರೆದೆ.

ಅವರು ಕುಳಿತಿದ್ದ ಕಡೆಯ ಕಿಟಕಿಯಲ್ಲಿ ಐದು ಬೆರಳು. ಬೆಳ್ಳಗೆ. ನಾನು ಕನ್ನಡಕ ಹಾಕಿರಲಿಲ್ಲ. ಕಣ್ಣುಜ್ಜಿದೆ. ಹೋಗಲಿಲ್ಲ.

"ಗಿರಿಜಾ! ಬರಿಗಣ್ಣಿಗೇ ಕಾಣಾಕ ಹತ್ಯಾವ!"

ಅವಳು ಬಂದು ಬೆರಳಿಂದ ಒರೆಸಿ ಮೂಸಿದಳು. "ವಿಭೂತಿ. ಅವ್ವನ ಬಟ್ಟು ಇವು. ಹಚ್ಚೊಳ್ಳಿ ಬಿಟ್ಟಾಗಿಂದ ನಿಮ್ಮ ಡ್ರೈವಿಂಗಿಗೆ ಅಂಜಿ ಗಾಜು ಹಿಡ್ಕೊಂಡು ಕುಂತಿದ್ಲು."

ಅತ್ತೆ ಗುಡಿಯ ಶಿಖರ ನೋಡತೊಡಗಿದರು. ಗಿರಿಜಾ ಅಂಗೈ ಚಾಚಿದಳು. ಕೀಲಿ ಕೊಟ್ಟೆ.

ಈಗ ಹಚ್ಚೊಳ್ಳಿಗೆ ಬಸ್ಸಿನಲ್ಲಿ ಹೋಗುತ್ತೇನೆ, ಆ ಕನ್ನಡಕ ಹಾಕಿಕೊಂಡೇ. ಅದಕ್ಕೆ ಇಂದಿಗೂ ಒಂದು ಬಿರುಕಿಲ್ಲ!