ದೊರೆಯ ಸಹಿ

ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಷಟರ್ ಎತ್ತಿದಾಗ ವಿಷಯ ಸ್ಪ್ರಿಂಗಣ್ಣನ ಮೂಗಿಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ನಿನ್ನೆ ಸಂಜೆ ಕೊನೆಯ ಮೊಳೆ ಹೊಡೆದು ಮುಗಿಸಿದ್ದ ಹೆಡ್‌ಮಿಸ್ಸಿನ ಸೋಫಾದ ಬಲಮೂಲೆಯಲ್ಲಿ, ಹೊಸ ಬೂದು ಬಟ್ಟೆಯ ಮೇಲೆ, ಅಂಗೈಯಗಲ ಒದ್ದೆ. ಪಕ್ಕದಲ್ಲೇ ಅವನ ಗಂಡುನಾಯಿ ದೊರೆ, ಕಡತಕ್ಕೆ ಸಹಿ ಹಾಕಿ ಮುಗಿಸಿದ ಅಧಿಕಾರಿಯಂತೆ ಕಣ್ಣು ಅರೆಮುಚ್ಚಿ ಕೂತಿತ್ತು.

ಹಳೆಯ ಸೋಫಾಗಳ ಹೊಟ್ಟೆ ಬಗೆದು ಹೊಸ ಸ್ಪ್ರಿಂಗು, ಸ್ಪಂಜು ತುಂಬಿ ಬಟ್ಟೆ ಹೊದಿಸುವುದು ಅವನ ಕಸುಬು. ಆದರೂ ಬೀದಿಯವರು ಸ್ಪ್ರಿಂಗಣ್ಣ ಎಂದು ಹೆಸರಿಟ್ಟದ್ದು ಕಸುಬು ನೋಡಿ ಅಲ್ಲ, ಮನುಷ್ಯ ಕೂತಲ್ಲಿ ಕೂರುವವನಲ್ಲ ಅಂತ.

ದೊರೆ ಊಟದಲ್ಲಿ, ಕಾವಲಿನಲ್ಲಿ ಬಲು ಸಭ್ಯ. ಇದ್ದದ್ದು ಒಂದೇ ಚಾಳಿ. ಪರರ ಮನೆಯ ವಾಸನೆ ಹೊತ್ತ ಯಾವ ಸಾಮಾನು ಅಂಗಡಿಯೊಳಗೆ ಬಂದರೂ ಅದಕ್ಕೊಮ್ಮೆ ಕಾಲೆತ್ತಿ, ಇದು ನಮ್ಮ ರಾಜ್ಯಕ್ಕೆ ಸೇರಿತು ಎಂದು ಸಾರದಿದ್ದರೆ ಅದಕ್ಕೆ ನಿದ್ದೆ ಬರದು. ಇಷ್ಟು ದಿನ ಮರದ ಕಾಲಿಗಷ್ಟೇ ಆಗುತ್ತಿತ್ತು, ಒರೆಸಿದರೆ ಮುಗಿಯುತ್ತಿತ್ತು. ಇವತ್ತು ಬಟ್ಟೆಗೇ ಆಗಿತ್ತು. ಐದು ಗಂಟೆಗೆ ಸೋಫಾ ಹೆಡ್‌ಮಿಸ್ಸಿನ ಮನೆಯಲ್ಲಿರಬೇಕು. ಕೆಲಸ ಮೆಚ್ಚಿಗೆಯಾದರೆ ಶಾಲೆಯ ಕುರ್ಚಿಗಳೆಲ್ಲ ಅವನ ಕೈಗೇ ಬರುತ್ತವೆ ಎಂದು ಆಕೆ ಹೇಳಿದ್ದರು. ಆ ಬಟ್ಟೆಯಲ್ಲಿ ಇನ್ನೊಂದು ಗೇಣು ಕೂಡ ಅಂಗಡಿಯಲ್ಲಿ ಉಳಿದಿರಲಿಲ್ಲ.

"ಅದನ್ನ ಒಳಗೆ ಮಲಗಿಸ್ಬೇಡಿ ಅಂತ ಬಡ್ಕೊಂಡೆ," ಎಂದಳು ಹೆಂಡತಿ, ಹಿಂಬಾಗಿಲಿನಲ್ಲಿ ನಿಂತು.

"ಈಗ ಬೈಬೇಡ. ಬಕೆಟ್ ತಾ."

ಸಿಟ್ಟಿಗೆ ಅವನು ನಾಯಿಗೆ ತಿಂಡಿಯನ್ನೂ ಹಾಕಲಿಲ್ಲ. ಬಾತ್‌ರೂಮ್ ತೊಳೆಯುವ ಘಾಟು ನೀರನ್ನು ಸುರಿದು, ಕಣ್ಣಲ್ಲಿ ನೀರು ಬರುವವರೆಗೆ ಉಜ್ಜಿದ. ಬ್ರಷ್ ತೊಳೆದು ಬರುವಷ್ಟರಲ್ಲಿ ದೊರೆ ಆ ಘಾಟನ್ನು ಮೂಸಿ, ಮತ್ತೆ ಅದೇ ಜಾಗಕ್ಕೆ ಕಾಲೆತ್ತಿ ಆಗಿತ್ತು.

ಮಹಡಿಯಲ್ಲಿ ವಾಸವಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಮೆಟ್ಟಿಲ ಮೇಲಿಂದಲೇ ಎಲ್ಲ ನೋಡುತ್ತಿದ್ದರು. "ಅದು ಉಚ್ಚೆ ಅಲ್ಲ ಕಣಯ್ಯ, ಪತ್ರ. ನೀನು ಹಾಕಿದ ನೀರು ಅದೇ ಥರ ನಾರ್ತದೆ. ಬೇರೆ ನಾಯಿ ಬರೆದದ್ದು ಅಂದ್ಕೊಂಡು ಮರುಟಪಾಲಿಗೆ ಉತ್ತರ ಹಾಕಿದೆ."

"ಈಗೇನ್ ಮಾಡ್ಲಿ ಸಾರ್?"

"ಮಾಡೋದೇನು. ನಾಯಿ ಬಾಲ ಡೊಂಕು."

"ಬಾಲ ಡೊಂಕಿದ್ರೆ ಇರ್ಲಿ ಸಾರ್. ಕಾಲು ನೆಲದ ಮೇಲಿದ್ರೆ ಸಾಕು."

ಎದುರಿನ ಕ್ಷೌರದಂಗಡಿಯವನು, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು, ಓಡಿ ಬಂದ. ಗಿರಾಕಿಯೂ ಸೋಪಿನ ಮುಖದಲ್ಲೇ ಹಿಂದೆ ಬಂದ. "ಅಣ್ಣ, ಸೊಂಟಕ್ಕೊಂದು ಪಟ್ಟಿ ಕಟ್ಟಿದ್ರೆ ಆಯ್ತು," ಎಂದು ಕ್ಷೌರಿಕ ಗಿರಾಕಿಯ ಕೊರಳಿನ ಬಿಳಿ ಬಟ್ಟೆಯನ್ನೇ ಕಿತ್ತು ದೊರೆಯ ಸೊಂಟಕ್ಕೆ ಬಿಗಿದ. ದೊರೆ ಸ್ನಾನ ಮುಗಿಸಿ ಬಂದ ಯಜಮಾನನಂತೆ ಎರಡು ಸುತ್ತು ತಿರುಗಿ, ಮೂರನೆಯ ಸುತ್ತಿಗೆ ಪಟ್ಟಿಯನ್ನು ಉದುರಿಸಿ, ಅದರ ಮೇಲೂ ಸಹಿ ಹಾಕಿತು.

"ನಂದು ಇನ್ನರ್ಧ?" ಎಂದ ಗಿರಾಕಿ ಕೆನ್ನೆ ಮುಟ್ಟಿಕೊಂಡು.

ಸ್ಪ್ರಿಂಗಣ್ಣ ಬಾಲ ಸುಟ್ಟ ಬೆಕ್ಕಿನಂತೆ ಅಂಗಡಿಯ ತುಂಬ ತಿರುಗಾಡಿದ. ಗಡಿಯಾರ ನೋಡಿದ, ಸೋಫಾ ಮೂಸಿದ, ಮತ್ತೆ ಗಡಿಯಾರ ನೋಡಿದ. ಹನ್ನೊಂದಕ್ಕೆ ನಾಯಿಯನ್ನು ಎಳೆದುಕೊಂಡು ಪಶುವೈದ್ಯರ ಬಳಿ ಓಡಿದ.

"ಬೀಜ ತೆಗೆಸಿಬಿಡಿ," ಎಂದರು ವೈದ್ಯರು. "ಸುಮಾರು ನಾಯಿಗಳು ಈ ಚಾಳಿ ಬಿಡ್ತವೆ. ಅದಕ್ಕೆ ಕೆಲವು ವಾರ ಹಿಡಿಯತ್ತೆ. ಬೆಳಿಗ್ಗೆ ಏನಾದ್ರೂ ತಿಂದಿದ್ಯಾ?"

"ಸಿಟ್ಟಲ್ಲಿ ಏನೂ ಹಾಕಿಲ್ಲ ಡಾಕ್ಟ್ರೇ."

"ಒಳ್ಳೇದೇ ಆಯ್ತು. ರಕ್ತ ಪರೀಕ್ಷೆ ಸರಿಯಿದ್ರೆ ಇವತ್ತೇ ಮುಗಿಸ್ತೀನಿ."

ಒಪ್ಪಿಗೆಯ ಕಾಗದದ ಮೇಲೆ ಸ್ಪ್ರಿಂಗಣ್ಣ ಸಹಿ ಹಾಕುವಾಗ ದೊರೆ ಅವನ ಮುಖವನ್ನೇ ನೋಡುತ್ತಿತ್ತು. ಹಿಂತಿರುಗಿ ನೋಡದೆ ಹೊರಟುಬಂದ.

ಮಧ್ಯಾಹ್ನವೆಲ್ಲ ಸೋಪುನೀರಿನಲ್ಲಿ ಆ ಮೂಲೆ ತೊಳೆದ, ಕ್ಷೌರಿಕನ ಕೂದಲು ಒಣಗಿಸುವ ಯಂತ್ರ ತಂದು ಒಣಗಿಸಿದ. ಕಲೆ ಹೋಯಿತು. ವಾಸನೆ ಹೋಯಿತೋ ಇಲ್ಲವೋ ಹೇಳಲು ಅವನ ಮೂಗಿನಲ್ಲಿ ಶಕ್ತಿ ಉಳಿದಿರಲಿಲ್ಲ. "ಮನುಷ್ಯರಿಗೆ ಗೊತ್ತಾಗಲ್ಲ," ಎಂದಳು ಹೆಂಡತಿ, ಸೋಫಾದ ಮೇಲೆ ಬಗ್ಗಿ. ಆ ಮಾತನ್ನು ಧೈರ್ಯಕ್ಕೆ ಹೇಳಿದಳೋ ಭಯಕ್ಕೆ ಹೇಳಿದಳೋ ಅವನಿಗೆ ತಿಳಿಯಲಿಲ್ಲ.

ಐದಕ್ಕೆ ಐದು ನಿಮಿಷವಿರುವಾಗ ಸೋಫಾ ಹೆಡ್‌ಮಿಸ್ಸಿನ ಹಜಾರದಲ್ಲಿ ಕೂತಿತು. ಆಕೆ ಕನ್ನಡಕದ ಮೇಲಿನಿಂದ ಹೊಲಿಗೆ ನೋಡಿದರು, ಒತ್ತಿ ನೋಡಿದರು. ಅಷ್ಟರಲ್ಲಿ ಒಳಕೋಣೆಯಿಂದ ಹತ್ತಿಯ ಮೂಟೆಯಂಥ ಒಂದು ಬಿಳಿ ನಾಯಿ ಬೊಗಳುತ್ತ ನುಗ್ಗಿ ಬಂತು. ಈ ಮನೆಯಲ್ಲಿ ನಾಯಿಯಿದೆ ಎಂದು ಸ್ಪ್ರಿಂಗಣ್ಣನಿಗೆ ಯಾರೂ ಹೇಳಿರಲಿಲ್ಲ. ಅದು ನೇರ ಬಲಮೂಲೆಗೇ ಹೋಗಿ ಮೂಗಿಟ್ಟಿತು. ಅವನು ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

ಮೂಟೆಯ ಬೊಗಳು ಗಂಟಲಲ್ಲೇ ನಿಂತಿತು. ಕಿವಿ ತಲೆಗೆ ಅಂಟಿಕೊಂಡವು. ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು, ಊಟದ ಮೇಜಿನಡಿ ಸೇರಿ ಅಲ್ಲಿಂದಲೇ ಇಣುಕತೊಡಗಿತು.

ಹೆಡ್‌ಮಿಸ್ಸು ಕನ್ನಡಕ ತೆಗೆದರು. "ಏನ್ ಹಾಕಿದೀರಿ ಇದಕ್ಕೆ?"

"ಮೇಡಂ, ಅದು ಬೇಕಂತ ಹಾಕಿದ್ದಲ್ಲ," ಎಂದು ಅವನು ತಪ್ಪೊಪ್ಪಿಗೆಗೆ ಬಾಯಿ ತೆರೆದ.

"ಈ ಸೋಫಾನ ಮೂರು ಸಲ ಹರಿದು ಹಾಕಿದಾನೆ ಇವನು. ಗದರಿಸಿ ನೋಡಿದೆ, ಬೇವಿನೆಣ್ಣೆ ಸವರಿ ನೋಡಿದೆ, ಜಗ್ಗಲಿಲ್ಲ. ಇವತ್ತು ಹತ್ತಿರಾನೇ ಸುಳೀತಿಲ್ಲ. ಯಾವ ಮದ್ದು ಹೇಳಿ."

ಸ್ಪ್ರಿಂಗಣ್ಣ ತೆರೆದ ಬಾಯನ್ನು ಮುಚ್ಚಿ, ಇನ್ನೊಮ್ಮೆ ತೆರೆದ. "ನಮ್ಮ ಮನೇದೇ ಮೇಡಂ," ಎಂದ.

ಆಕೆ ನಿಂತ ನಿಲುವಿನಲ್ಲೇ ಫೋನು ಹಿಡಿದರು. ಬೆಳಗಿನ ವಾಕಿಂಗಿಗೆ ನಾಯಿ ಹಿಡಿದುಕೊಂಡು ಬರುವ ಗೆಳತಿಯರು ಏಳು ಮಂದಿಯಂತೆ, ಏಳೂ ಮನೆಯಲ್ಲಿ ಸೋಫಾ ಚಿಂದಿಯಂತೆ. "ನಾಳೆ ಬೆಳಿಗ್ಗೆ ಮೊದಲನೇದು ಬರತ್ತೆ," ಎಂದರು ಫೋನಿಟ್ಟು. "ಮದ್ದು ಮಾತ್ರ ಇದೇ ಆಗಿರ್ಬೇಕು. ಎಲ್ಲರದ್ದೂ ಸರಿ ಹೋಗ್ಲಿ, ಆಮೇಲೆ ಶಾಲೆ ಕುರ್ಚಿ ಮಾತಾಡೋಣ."

ಗೇಟು ದಾಟುವಾಗ ಸ್ಪ್ರಿಂಗಣ್ಣನ ಕಾಲು ನೆಲದ ಮೇಲಿರಲಿಲ್ಲ. ಆಗ ಫೋನು ಬಂತು.

"ಆಪರೇಷನ್ ಹೂವೆತ್ತಿದ ಹಾಗೆ ಮುಗೀತು," ಎಂದರು ಪಶುವೈದ್ಯರು. "ಬಂದು ಕರ್ಕೊಂಡು ಹೋಗಿ."

ಅವನು ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತ. ಬೆಳಗಿನಿಂದ ಅವನು ಕೂತದ್ದು ಅದೇ ಮೊದಲು.

ಸಂಜೆ ಏಳಕ್ಕೆ ಗಾಯ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಆಲಿಕೆ ತೊಟ್ಟ ದೊರೆ ತೂರಾಡುತ್ತ ಅಂಗಡಿಗೆ ಬಂತು. ಸ್ಪ್ರಿಂಗಣ್ಣ ಬೇರೆ ಮನೆಯಿಂದ ಬಂದ ಹಳೆಯ ಕುರ್ಚಿಯೊಂದನ್ನು ಎಳೆದು ಅದರ ಮುಂದಿಟ್ಟು, ತಟ್ಟೆತುಂಬ ನೀರು ಕುಡಿಸಿ, ಪಕ್ಕದಲ್ಲಿ ಮಂಡಿಯೂರಿದ. ಕ್ಷೌರಿಕ, ಪೋಸ್ಟ್‌ಮಾಸ್ಟರು, ಹೆಂಡತಿ, ಎಲ್ಲ ಸುತ್ತ ನಿಂತರು.

"ಒಂದೇ ಒಂದು ಸಲ, ನನ್ನಪ್ಪ," ಎಂದ ಸ್ಪ್ರಿಂಗಣ್ಣ. "ಬೈಯಲ್ಲ."

ದೊರೆ ಕುರ್ಚಿಯನ್ನು ಮೂಸಿತು. ಅವನನ್ನು ನೋಡಿತು. ಆಮೇಲೆ ಮೆಲ್ಲಗೆ ನಡೆದುಹೋಗಿ ಬಾಗಿಲನ್ನು ಮುಂಗಾಲಿನಿಂದ ಕೆರೆಯಿತು. ವೈದ್ಯರು ವಾರಗಳ ಲೆಕ್ಕ ಹೇಳಿದ್ದರು. ದೊರೆಗೆ ಒಂದು ಮಧ್ಯಾಹ್ನವೇ ಸಾಕಾಗಿತ್ತು.

ಹೆಂಡತಿ ಬಾಗಿಲು ತೆರೆದಳು. ದೊರೆ ಹೊರಗೆ ಹೋಗಿ, ಬೀದಿದೀಪದ ಕಂಬದ ಬುಡದಲ್ಲಿ ಕೆಲಸ ಮುಗಿಸಿ, ಮರ್ಯಾದಸ್ಥನಂತೆ ಒಳಗೆ ಬಂತು.

"ಬುದ್ಧಿ ಬಂತು ನೋಡಣ್ಣ," ಎಂದ ಕ್ಷೌರಿಕ, ಕಣ್ಣು ತುಂಬಿಕೊಂಡು.

ದೊರೆ ನೇರ ಯಜಮಾನನ ಮುಂದೆ ಬಂದು ಕೂತು, ಆಲಿಕೆಯೊಳಗಿನಿಂದ ಮುಖವೆತ್ತಿ, ಶಹಭಾಷ್ ಎಂಬ ಮಾತಿಗಾಗಿ ಬಾಲ ಆಡಿಸಿತು. ಸ್ಪ್ರಿಂಗಣ್ಣ ಅದರ ಬೆನ್ನು ಸವರಿದ. ಬೇರೆ ಏನು ತಾನೆ ಮಾಡಿಯಾನು.