ಮೀಸೆಯವನು ಕಟ್ಟಿದ ಉಪಗ್ರಹ

ಎಲ್ಲ ರಗಳೆ ಶುರುವಾದದ್ದು ಒಂದೇ ಒಂದು ಕೂದಲಿನಿಂದ.

ಆ ಪುಟ್ಟ ಕಂಪನಿಯ ಚೊಚ್ಚಲ ಉಪಗ್ರಹ ಅಂದು ಸಂಜೆ ಲಾರಿ ಹತ್ತಿ ಉಡಾವಣಾ ಕೇಂದ್ರಕ್ಕೆ ಹೊರಡಬೇಕಿತ್ತು. ಗಾತ್ರದಲ್ಲಿ ಅದು ಬೂಟಿನ ಡಬ್ಬಿಯಷ್ಟೇ. ಆದರೆ ಅದನ್ನು ಹೆರಲು ಇಡೀ ಕಂಪನಿ ವರ್ಷಗಟ್ಟಲೆ ಬೇನೆ ತಿಂದಿತ್ತು. ಬೆಳಿಗ್ಗೆ ಕೊನೆಯ ಪರೀಕ್ಷೆಗೆಂದು ಅದರ ಕ್ಯಾಮೆರಾದಿಂದ ಎದುರಿನ ಬಿಳಿ ಗೋಡೆಯ ಚಿತ್ರ ತೆಗೆದರೆ, ಗೋಡೆಯ ನಟ್ಟನಡುವೆ ಕಪ್ಪಗೆ, ಕೊಂಕಾಗಿ ಒಂದು ಗೆರೆ!

"ಕೂದಲು!" ಎಂದಳು ತಪಾಸಣೆಯ ಅಕ್ಕ. ಕಂಪನಿಯ ಯಜಮಾನರೂ ಹೆದರುತ್ತಿದ್ದ ಹೆಂಗಸು ಅವಳು. "ಕ್ಯಾಮೆರಾ ಒಳಗೆ ಯಾರದ್ದೋ ಕೂದಲು ಬಿದ್ದಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕ್ಯಾಮೆರಾ ಜೋಡಿಸಿದವನ ಕೈ ತಾನಾಗಿಯೇ ಅವನ ಮೀಸೆಗೆ ಹೋಯಿತು. ಅಲ್ಲಿದ್ದವರ ಕಣ್ಣುಗಳೆಲ್ಲ ಕೈಯ ಹಿಂದೆಯೇ ಹೋದವು.

ಅದೇನು ಸಾಮಾನ್ಯ ಮೀಸೆಯಲ್ಲ. ಅವನು ಮೂಲೆ ತಿರುಗುವ ಮುಂಚೆ ಅದು ತಿರುಗಿರುತ್ತಿತ್ತು. ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿ, ಕಂಪನಿಗೆಲ್ಲ ಅವನು ಬರೀ "ಮೀಸೆ" ಆಗಿದ್ದ.

"ಅಕ್ಕಾ, ನನ್ನದಲ್ಲ! ನಾನು ಮಾಸ್ಕ್ ಹಾಕಿರ್ತೀನಲ್ಲ?"

"ನಿನ್ನ ಮೀಸೆ ಮಾಸ್ಕಿನ ಎರಡು ಕಡೆಯಿಂದಲೂ ಇಣುಕ್ತಿರುತ್ತೆ. ನಿನ್ನದಲ್ಲದೆ ಇನ್ಯಾರದ್ದು? ಯಜಮಾನರದ್ದಾ?"

ಯಜಮಾನರು ತಮ್ಮ ನುಣ್ಣನೆಯ ತಲೆ ಸವರಿಕೊಂಡರು. ಯಾವ ಆರೋಪ ಬಂದರೂ ಇದೊಂದು ಅವರಿಗೆ ತಟ್ಟುವಂತಿರಲಿಲ್ಲ. "ನೋಡಪ್ಪ, ಕ್ಯಾಮೆರಾ ಬಿಚ್ಚಿ ಆ ಕೂದಲು ತೆಗೀಲೇಬೇಕು. ತೆಗೆಯೋವಾಗ ಇನ್ನೊಂದು ಉದುರಿದ್ರೆ? ಮೀಸೆ ಬೋಳಿಸಿದ್ರೆ ಮತ್ತೆ ಬೆಳೆಯುತ್ತೆ. ರಾಕೆಟ್ ತಪ್ಪಿದ್ರೆ ಕಂಪನಿ ಮತ್ತೆ ಬೆಳೆಯಲ್ಲ."

ಲೆಕ್ಕಪತ್ರದವನು ಕಾದು ಕೂತವನಂತೆ ಮೇಜಿನ ಖಾನೆಯಿಂದ ರೇಜರ್ ತೆಗೆದ. ಸಿಬ್ಬಂದಿಯೆಲ್ಲ ಬಚ್ಚಲ ಬಾಗಿಲಲ್ಲಿ ಗುಂಪುಗೂಡಿ, "ಎಡಗಡೆ ಇನ್ನೂ ಇದೆ, ಮೂಗಿನ ಕೆಳಗೆ ಬಿಟ್ಟೆ" ಎಂದು ದಾರಿ ತೋರಿಸಿದರು. ಹೊರಗೆ ಬಂದ ಮುಖ, ನಾಮಫಲಕ ಕಿತ್ತ ಅಂಗಡಿಯಂತಿತ್ತು.

ಆ ಮುಖ ಹೊತ್ತು ಅವನು ಉಪಗ್ರಹವಿದ್ದ ಕ್ಯಾಮೆರಾ ಕೋಣೆಯ ಎದುರು ನಿಂತ. ಅದು ಮುಖ ಗುರುತು ಹಿಡಿದು ತೆರೆಯುವ ಬಾಗಿಲು.

"ಅಪರಿಚಿತ ವ್ಯಕ್ತಿ. ದೂರ ಸರಿಯಿರಿ," ಎಂದಿತು ಬಾಗಿಲು.

"ಏಯ್, ನಾನು ಕಣೋ!"

"ಅಪರಿಚಿತ ವ್ಯಕ್ತಿ."

ಅವನೊಬ್ಬನ ಮುಖಕ್ಕೆ ಮಾತ್ರ ತೆರೆಯಬೇಕೆಂಬುದು ತಪಾಸಣೆಯ ಅಕ್ಕನದೇ ಕಟ್ಟಪ್ಪಣೆ. ಬಾಗಿಲಿಗೆ ಹೊಸ ಮುಖ ಕಲಿಸಬಲ್ಲವನು ರಜೆ ಹಾಕಿ ಬೆಟ್ಟ ಹತ್ತಿದ್ದ, ಫೋನಿಗೆ ಸಿಗಲಿಲ್ಲ. ಕೆಳಗೆ ಹಾರ್ನ್ ಹೊಡೆದು ಸಾಕಾಗಿ ಲಾರಿ ಚಾಲಕನೇ ಮೇಲೆ ಬಂದ.

"ಬೋಳಿಸಿದ ಮೀಸೆ ಎಲ್ಲಿ? ಅಂಟಿಸಿಬಿಡೋಣ," ಎಂದರು ಯಜಮಾನರು.

"ಉದುರೋ ಮೀಸೆನ ನಾನು ಒಳಗೆ ಬಿಡ್ತೀನಾ?" ಅಕ್ಕ ಗುಡುಗಿದಳು.

"ಮಾರ್ಕರಲ್ಲಿ ಬರೆದ್ರೆ?"

"ಮಸಿನೂ ಉದುರುತ್ತೆ."

ಕೊನೆಗೆ ಅವಳೇ ಉಪಗ್ರಹಕ್ಕೆ ಸುತ್ತಿ ಉಳಿದಿದ್ದ ಕಪ್ಪು ಟೇಪು ತಂದಳು. ಬಾಹ್ಯಾಕಾಶದಲ್ಲೂ ಒಂದೆಳೆ ಬಿಡದ ಟೇಪು ಅದು. ಮೀಸೆಯಾಕಾರಕ್ಕೆ ಕತ್ತರಿಸಿ ಅಂಟಿಸಿದಳು. ಬಾಗಿಲು ಮತ್ತೆ ಅಪರಿಚಿತ ಎಂದಿತು.

"ಜೋಲುಮೀಸೆ ಆಯ್ತಲ್ಲ ಅಕ್ಕಾ," ಎಂದ ಚಾಲಕ. "ತುದಿ ಮೇಲಕ್ಕೆ ತಿರುವ್ರಿ. ಮೀಸೆಗೆ ಗತ್ತು ಬೇಡ್ವಾ?"

ಅಕ್ಕ ತುದಿ ತಿರುವಿದಳು. "ಸುಸ್ವಾಗತ," ಎಂದಿತು ಬಾಗಿಲು.

ಅವನು ಒಳಹೋಗಿ, ಉಸಿರು ಬಿಗಿಹಿಡಿದು ಕ್ಯಾಮೆರಾ ಬಿಚ್ಚಿ, ಚಿಮುಟದಲ್ಲಿ ಆ ಕರಿ ಎಳೆಯನ್ನು ಹೊರಗೆಳೆದು, ಮತ್ತೆ ಮುಚ್ಚಿದ. ಗೋಡೆ ಈಗ ಹಾಲಿನಂತೆ ಬಿಳಿ. ಉಪಗ್ರಹ ಲಾರಿ ಹತ್ತಿತು. ಮದುಮಗಳನ್ನು ಕಳಿಸಿಕೊಟ್ಟ ತವರಿನವರಂತೆ ಎಲ್ಲರೂ ಕಣ್ಣೊರೆಸಿಕೊಂಡರು. ಯಜಮಾನರಂತೂ ಲಾರಿಯ ಹಿಂದೆ ಬೀದಿಯ ಕೊನೆಯವರೆಗೂ ಓಡಿದರು.

ಅಕ್ಕ ಮಾತ್ರ ಆ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಮುಖ ಸಪ್ಪೆ ಮಾಡಿಕೊಂಡು ಬಂದಳು.

"ಇದು ಕೂದಲಲ್ಲ ಕಣೋ. ಪ್ಲಾಸ್ಟಿಕ್ಕು. ಧೂಳು ತೆಗೆಯೋ ಬ್ರಷ್ಷಿನ ಎಳೆ."

"ಆ ಬ್ರಷ್ ಆರಿಸಿ ತಂದವರು ಯಾರು?"

ಅಕ್ಕ ಸೂರು ನೋಡಿದಳು. "ನಾನೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಟೇಪು ಕಿತ್ತು, ಬರೆ ಬಿದ್ದ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಅವನು ಮನೆಗೆ ನಡೆದ. ಬಾಗಿಲು ತೆರೆದ ಹೆಂಡತಿ, "ಯಾರು ಬೇಕಿತ್ತು?" ಎಂದಳು. ಗುರುತು ಸಿಕ್ಕ ಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. "ನಿಮಗೆ ಮೇಲ್ತುಟಿ ಅನ್ನೋದೊಂದಿದೆ ಅಂತ ಮದುವೆ ಆದ್ಮೇಲೆ ಇವತ್ತೇ ಗೊತ್ತಾಗಿದ್ದು ನೋಡಿ!"

"ನಗು, ನಗು. ಬೆಳೆಯುತ್ತೆ," ಎಂದ ಅವನು ಗಾಯಗೊಂಡ ದನಿಯಲ್ಲಿ.

ಬೆಳೆಯಿತು ಕೂಡ. ಅಷ್ಟರಲ್ಲಿ ಉಪಗ್ರಹವೂ ಹಾರಿತ್ತು. ಕಡಲ ಮೇಲೆ ಎಲ್ಲಿ ಮಂಜು ಕವಿದಿದೆಯೆಂದು ಅದು ಕಳಿಸುತ್ತಿದ್ದ ಚಿತ್ರ ನೋಡಿಕೊಂಡೇ ದೋಣಿಯವರು ಹೊರಡುತ್ತಿದ್ದರು. ದಡದಲ್ಲಿ ಹೆಂಡಿರು ಮಕ್ಕಳು ಕಂಗಾಲಾಗಿ ಕಾಯುವುದು ತಪ್ಪಿತ್ತು. ಉಪಗ್ರಹದ ಆಯಸ್ಸು ಇಷ್ಟೇ ಎಂದವರ ಬಾಯಿ ಮುಚ್ಚಿಸಿ ಅದು ಇನ್ನೂ ಸುತ್ತುತ್ತಲೇ ಇತ್ತು. ಹೆಸರೇ ಕೇಳದಿದ್ದ ಕಂಪನಿಯ ಮುಂದೆ ಈಗ ಗಿರಾಕಿಗಳು ಸಾಲುಗಟ್ಟಿದರು.

ಒಂದು ಬೆಳಿಗ್ಗೆ ಯಜಮಾನರು ಕುಣಿಯುತ್ತ ಬಂದರು. "ದೊಡ್ಡ ಗಿರಾಕಿ ಸಿಕ್ಕಿದ್ರು ಕಣಯ್ಯ! ಅವರದ್ದು ಒಂದೇ ಷರತ್ತು. ಗೆದ್ದ ಉಪಗ್ರಹನ ಹೇಗೆ ಕಟ್ಟಿದ್ರೋ ಹಾಗೇ ಕಟ್ಟಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು."

"ಅದಕ್ಕೇನು ಸಾರ್," ಎಂದು ಅವನು ಮೀಸೆಯ ಮೇಲೆ ಕೈಯಾಡಿಸಿದ.

ಅಕ್ಕ ಕೆಮ್ಮಿದಳು. "ನಡೆದದ್ದನ್ನೆಲ್ಲ ಇದ್ದಹಾಗೇ ಅವರಿಗೆ ಹೇಳಿದೀನಿ. ಮೀಸೆ ಬೋಳಿಸಿದ್ದು, ಟೇಪು ಅಂಟಿಸಿದ್ದು, ತುದಿ ತಿರುವಿದ್ದು... ಯಾವುದನ್ನೂ ಬಿಡೋ ಹಾಗಿಲ್ವಂತೆ."

"ಮತ್ತೆ ಆ ಬ್ರಷ್ಷು?"

"ಅದನ್ನ ಬದಲಾಯಿಸಬಹುದಂತೆ."

ಅವನು ಕುರ್ಚಿ ಹುಡುಕಿ ಕೂತ. "ಹೋಗ್ಲಿ, ಒಂದು ಸಲ ತಾನೇ? ಬೆಳೆಯುತ್ತೆ."

"ಒಂದು ಸಲ?" ಯಜಮಾನರು ಅವನ ಬೆನ್ನು ತಟ್ಟಿದರು. "ಅದೃಷ್ಟ ಕಣಯ್ಯ ನಿನ್ನದು! ತಿಂಗಳಿಗೊಂದು ಉಪಗ್ರಹ ಕೇಳಿದಾರೆ. ನೀನು ನಿವೃತ್ತಿ ಆಗೋತನಕ!"