ಒಂಬತ್ತಕ್ಕೆ ನಿಲ್ಲದ ಉಸಿರಿನ ಮಷೀನು

ಕೆಲವರ ಕೈಗೆ ಸುಮ್ಮನಿರುವುದೇ ಗೊತ್ತಿಲ್ಲ. ಅಂಥವರ ಮನೆಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನನ್ನದು ಅಂಥ ಕೈ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ತೂಕದ ಕಾಟಾ ರಿಪೇರಿ ಮಾಡುತ್ತೇನೆ. ನಾನು ರಿಪೇರಿ ಮಾಡಿದ ಕಾಟಾವನ್ನು ಸರಕಾರದ ಇನ್‌ಸ್ಪೆಕ್ಟರ್ ಬಂದು ತಪಾಸಣೆ ಮಾಡಿ, ತಂತಿ ಪೋಣಿಸಿ ಸೀಸದ ಸೀಲು ಒತ್ತುತ್ತಾರೆ. ಆ ಸೀಲು ಮುಟ್ಟುವ ವ್ಯಾಪಾರಿಗಳಿಗೆ ನಾನು ಬೈಯುವುದು ಒಂದೇ ಮಾತು: "ಗೊತ್ತಿಲ್ಲದ್ದಕ್ಕ ಕೈ ಹಚ್ಚಬ್ಯಾಡ್ರಿ ಸಾವ್ಕಾರ್ರ."

ಹೋದ ವರ್ಷ ನನ್ನ ಗೊರಕೆಗೆ ಬೇಸತ್ತು ಹೆಂಡತಿ ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ನಡೆಯುತ್ತದೆ ಎಂದು ಹೇಳಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗುವ ಗಾಳಿಯ ಮಷೀನು ಬರೆದುಕೊಟ್ಟರು. ದವಾಖಾನೆಯ ಟೆಕ್ನಿಷಿಯನ್ ಗಾಳಿಯ ಒತ್ತಡವನ್ನು ಒಂಬತ್ತಕ್ಕೆ ಇಟ್ಟು, "ಇದನ್ನ ಮುಟ್ಟಬ್ಯಾಡ್ರಿ" ಅಂದರು.

ಹೆಂಡತಿ ಶರತ್ತು ಹಾಕಿದಳು. "ಎಂಟು ದಿನ ಸಪ್ಪಳಿಲ್ಲದಂಗ ಮಲಗ್ರಿ. ಒಂಬತ್ತನೇ ದಿನ ನನ್ನ ಹಾಸಗಿ ಒಳಗ ತರ್ತೀನಿ."

ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳು. ಆ ಖಾಲಿ ಜಾಗ ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಎಂಟು ದಿನ ಏನು ದೊಡ್ಡ ಮಾತು ಅಂದುಕೊಂಡೆ.

೧. ಗಾಳಿ ಊಟ

ಎರಡು ದಿನ ಚೆನ್ನಾಗಿಯೇ ಮಲಗಿದೆ. ಅಲ್ಲಿಗೆ ಸುಮ್ಮನಿದ್ದರೆ ಆಗಿತ್ತು. ಒಂಬತ್ತರಲ್ಲೇ ಇಷ್ಟು ಸುಖವಿದ್ದರೆ ಹದಿನಾಲ್ಕರಲ್ಲಿ ಎಷ್ಟಿರಬೇಡ ಅನ್ನಿಸಿತು. ಮಷೀನಿನ ಒಳಗಿನ ಸೆಟಿಂಗ್ ಹೇಗೆ ತೆರೆಯುವುದೆಂದು ಮೊಬೈಲಿನಲ್ಲಿ ನೋಡಿ ಕಲಿತೆ. ಕಾಟಾ ಬಿಚ್ಚುವವನಿಗೆ ಇದೇನು ಮಹಾ.

ಹದಿನಾಲ್ಕರ ಗಾಳಿ ಮಾಸ್ಕಿನ ಸಂದಿಯಿಂದ ಸೀಟಿ ಹೊಡೆದು ಹಾಲ್‌ನಲ್ಲಿದ್ದವಳನ್ನು ಎಬ್ಬಿಸಿತು. "ಎಂಟು ದಿನ ಮತ್ತ ಒಂದರಿಂದ ಎಣಸ್ರಿ" ಅಂದಳು ಆಕೆ. ಉಳಿದ ಗಾಳಿಯೆಲ್ಲ ನನ್ನ ಹೊಟ್ಟೆ ಸೇರಿತ್ತು. ಬೆಳಿಗ್ಗೆ ಗಂಜಿನಲ್ಲಿ ಒಬ್ಬ ತೊಗರಿ ವ್ಯಾಪಾರಿಯ ಕಾಟಾ ಮುಂದೆ ಕೂತರೆ ತೇಗಿನ ಮೇಲೆ ತೇಗು.

"ನಿನ್ನೆ ಯಾರ ಮನ್ಯಾಗ ಊಟ ಇತ್ರಿ? ಭಾಳ ಜೋರ್ ಆದಂಗ ಕಾಣ್ತದ" ಅಂದರು ವ್ಯಾಪಾರಿ.

"ಊಟ ಏನಿಲ್ರಿ, ಬರೇ ಗಾಳಿ."

ಅವರು ಹೇಳಿದರು: "ಬರೇ ಗಾಳಿಗೇ ಹಿಂಗಾದ್ರ, ನಾಡದು ನಮ್ಮ ಮನಿ ಊಟಕ್ಕ ಬರಬ್ಯಾಡ್ರಿ. ಎಣ್ಣಿಗಾಯಿ ಮಾಡಸೀನಿ."

೨. ಐದು ಹನಿ

ಮೋಮಿನಪುರದಲ್ಲಿ ಕೂಲರ್ ರಿಪೇರಿ ಮಾಡುವ ಚಾಚಾ ನನ್ನ ಹಳೆಯ ದೋಸ್ತ. ನಾನು ಒತ್ತಡವನ್ನು ಹನ್ನೊಂದಕ್ಕೆ ಇಳಿಸಿಕೊಂಡು, ಮೂಗು ಒಣಗುತ್ತದೆಂದು ಗೊಣಗುತ್ತಿದ್ದ ದಿನ ಮನೆಗೆ ಬಂದರು. ಮಷೀನಿನ ನೀರಿನ ಡಬ್ಬಿ ಎತ್ತಿ ನೋಡಿದ್ದೇ ಅವರ ಮುಖ ಅರಳಿತು.

"ಅರೇ ಭಾಯಿ, ಇದು ಸಣ್ಣ ಕೂಲರೇ ಅದ. ನೀರಿನ್ಯಾಗ ಖಸ್ ಅತ್ತರ ಬಿಡ್ರಿ. ತಂಪಂದ್ರ ತಂಪು."

ನಮ್ಮೂರ ಬೇಸಿಗೆಯಲ್ಲಿ ಕೂಲರಿನ ನೀರಿಗೆ ಲಾವಂಚದ ಅತ್ತರ ಹಾಕುವುದು ಹೊಸದಲ್ಲ. ಹಾಕಿದೆ. ರಾತ್ರಿ ಮಾಸ್ಕ್ ಕಟ್ಟಿಕೊಂಡ ಹತ್ತು ನಿಮಿಷಕ್ಕೆ ಕಣ್ಣು ಮೂಗು ಎರಡೂ ಹರಿಯತೊಡಗಿದವು. ಸೀನಿದ ರಭಸಕ್ಕೆ ಮಾಸ್ಕ್ ಕುತ್ತಿಗೆಗೆ ಬಂತು. ಹೆಂಡತಿ ಬಾಗಿಲಲ್ಲಿ ನಿಂತು, "ಒಂದರಿಂದ" ಅಂದಳು. ಡಬ್ಬಿ, ಕೊಳವೆ, ಮಾಸ್ಕ್ ಎಲ್ಲ ತೊಳೆದು ತೊಳೆದು ವಾಸನೆ ಹೋಗಲು ನಾಲ್ಕು ದಿನ ಬೇಕಾಯಿತು. ಅಲ್ಲಿಯವರೆಗೆ ಗಂಜಿನವರೆಲ್ಲ, "ಯಾರ ಮದಿವಿ ಮುಗಿಸಿ ಬಂದ್ರಿ?" ಅಂತ ಕೇಳಿದ್ದೇ ಕೇಳಿದ್ದು.

ಚಾಚಾನ ಅಂಗಡಿಗೆ ಹೋಗಿ ಜಗಳ ತೆಗೆದೆ. ಅವರು ಶಾಂತವಾಗಿ, "ಎಷ್ಟ ಹನಿ ಹಾಕಿದ್ರಿ?" ಅಂದರು.

"ಐದು."

"ಯಾ ಅಲ್ಲಾ. ಊರಿಗೆಲ್ಲ ಅಳತಿ ಸರಿ ಮಾಡೋ ಮನಶಾ ನೀವು. ದೊಡ್ಡ ಕೂಲರಿಗೇ ಎರಡು ಹನಿ ಹಾಕ್ತಾರ್ರೀ."

೩. ಕಮಲಾಪುರದ ಬಾಳೆಹಣ್ಣು

ಮತ್ತೆ ಎಣಿಕೆ ಶುರುವಾಗಿ ಆರು ದಿನ ದಾಟಿತ್ತು. ಆಗಲೇ ಹೆಂಡತಿಯ ತವರು ಕಮಲಾಪುರದಲ್ಲಿ ಕೂಸಿಗೆ ಹೆಸರಿಡುವ ಕಾರ್ಯ ಬಂತು. ಮಷೀನನ್ನೂ ಕರೆದುಕೊಂಡು ಹೋದೆವು. ಹೋಳಿಗೆ ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು. ಮನೆ ತುಂಬ ಬೀಗರು, ಇವರ ನಡುವೆ ಮಷೀನು ಸಪ್ಪಳ ಮಾಡಿದರೆ ಮರ್ಯಾದೆ ಏನಾದೀತು ಎಂದು ಒತ್ತಡವನ್ನು ನಾಲ್ಕಕ್ಕೆ ಇಳಿಸಿ, ಮಾಸ್ಕ್ ಕಟ್ಟಿಕೊಂಡು ಪಡಸಾಲೆಯಲ್ಲಿ ಅಡ್ಡಾದೆ.

ಎದ್ದಾಗ ಸುತ್ತಲೂ ಹತ್ತು ಹನ್ನೆರಡು ಜನ ನನ್ನನ್ನೇ ನೋಡುತ್ತ ಕೂತಿದ್ದರು. ಅಳಿಯಂದಿರ ಮೂಗಿಗೆ ದವಾಖಾನೆಯ ಕೊಳವೆ ಹಾಕಿದ್ದಾರೆಂದು ಓಣಿಯಲ್ಲಿ ಸುದ್ದಿಯಾಗಿ, ಎಲ್ಲರೂ ನನ್ನನ್ನು ಮಾತಾಡಿಸಲು ಬಂದಿದ್ದರು. ಬರಿಗೈಲಿ ಹೇಗೆ ಬರುವುದೆಂದು ಊರಿನ ಕೆಂಪು ಬಾಳೆಹಣ್ಣನ್ನೂ ತಂದಿದ್ದರು. ನನ್ನ ಕಾಲ ಬಳಿ ಆರು ಚಿಪ್ಪು ಇದ್ದವು.

ನಮ್ಮ ಅತ್ತೆ ತಮ್ಮ ಮಗಳ ಕಡೆ ತಿರುಗಿ, "ಮಷೀನ್ ಭಾಳ ಸಪ್ಪಳ ಮಾಡ್ತದಲ್ಲವ್ವಾ. ಹಿಟ್ಟಿನ ಗಿರಣಿ ಬಿಟ್ಟಂಗಾಗಿತ್ತು" ಅಂದರು.

"ಸಪ್ಪಳ ಮಷೀನಿಂದಲ್ಲವ್ವ, ಅವರದ" ಅಂದಳು ನನ್ನ ಹೆಂಡತಿ.

ಅತ್ತೆ ಮಷೀನಿನ ಕಡೆ ಬೆರಳು ತೋರಿಸಿ ಕೇಳಿದರು: "ಹಂಗಾರ ಮಷೀನ್ ಏನ್ ಮಾಡ್ತದ?"

೪. ತಪಾಸಣೆ

ಕಲಬುರಗಿಗೆ ಬಂದು, ಬಾಳೆಹಣ್ಣನ್ನು ಓಣಿಗೆಲ್ಲ ಹಂಚಿ, ಇಬ್ಬರೂ ದವಾಖಾನೆಗೆ ಹೋದೆವು. ಟೆಕ್ನಿಷಿಯನ್ ಮಷೀನಿನಿಂದ ಉಗುರಿನಷ್ಟು ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದರು. ಯಾವ ದಿನ ಏನು ಮಾಡಿದ್ದೇನೆ ಎಲ್ಲ ಅದರಲ್ಲಿ ಇತ್ತು. ಅದು ನನಗೆ ಗೊತ್ತಿರಲಿಲ್ಲ.

"ಒಂಬತ್ತು, ಹದಿನಾಲ್ಕು, ಹನ್ನೊಂದು, ನಾಲ್ಕು" ಎಂದು ಅವರು ಓದಿದರು. "ಮನ್ಯಾಗ ಸಣ್ಣ ಮಕ್ಕಳದಾವೇನ್ರಿ?"

"ಒಂದದ ನೋಡ್ರಿ" ಅಂದಳು ಹೆಂಡತಿ, ನನ್ನ ಕಡೆ ನೋಡದೆ.

ನಾನು ತಪ್ಪನ್ನು ಕರೆಂಟಿನ ಮೇಲೆ ಹಾಕಲು ನೋಡಿದೆ. ವೋಲ್ಟೇಜ್ ಏರಿಳಿತ ಅಂದೆ. ಇದು ಗಂಜಿನ ವ್ಯಾಪಾರಿಗಳು ನನಗೆ ಮೂವತ್ತು ವರ್ಷದಿಂದ ಹೇಳುವ ನೆಪವೇ. ನಾನು ಒಂದು ಸಲವೂ ನಂಬಿಲ್ಲ, ಟೆಕ್ನಿಷಿಯನ್ ಕೂಡ ನಂಬಲಿಲ್ಲ. ಮತ್ತೆ ಒಂಬತ್ತಕ್ಕೆ ಇಟ್ಟುಕೊಟ್ಟರು.

ಮರುದಿನ ಸಂಜೆ ಗಂಜಿನಿಂದ ಬಂದರೆ ಮಷೀನಿಗೆ ಅಂಗಿ ತೊಡಿಸಿದಂತಿತ್ತು. ಹೆಂಡತಿ ಹಳೆಯ ಸೀರೆಯ ತುಂಡಿನಲ್ಲಿ ಗವಸು ಹೊಲಿದು, ಗಾಳಿ ಹೋಗುವಲ್ಲಿ, ನೀರಿನ ಡಬ್ಬಿಯ ಕಡೆ ತೆರವು ಬಿಟ್ಟು, ಶುರು ಮಾಡುವ ಗುಂಡಿಗೊಂದು ಕಿಂಡಿ ಇಟ್ಟಿದ್ದಳು. ಗವಸಿನ ಅಂಚಿಗೆ ನನ್ನ ಚೀಲದ್ದೇ ತಂತಿ ಪೋಣಿಸಿ, ನನ್ನ ಚೀಲದ್ದೇ ಸೀಸದ ಗುಳಿಗೆ ಹಾಕಿ, ನನ್ನದೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದಳು.

"ಗೊತ್ತಿಲ್ಲದ್ದಕ್ಕ ಕೈ ಹಚ್ಚಬ್ಯಾಡ್ರಿ ಸಾವ್ಕಾರ್ರ" ಅಂದಳು.

ನಗು ತಡೆದುಕೊಂಡು ಕೇಳಿದೆ: "ಸೀಲ್ ಒತ್ತಾಕ ಇನ್‌ಸ್ಪೆಕ್ಟರ್ ಬೇಕಾಗ್ತದ. ಇಲ್ಲಿ ಇನ್‌ಸ್ಪೆಕ್ಟರ್ ಯಾರು?"

"ನಾನೇ."

"ತಪಾಸಣಿ ಯಾವಾಗ? ವರ್ಷಕ್ಕೊಮ್ಮೆ ಏನು?"

"ನಿಮ್ಮಂಥೋರಿಗೆ ವರ್ಷಕ್ಕೊಮ್ಮೆ ಸಾಲಂಗಿಲ್ಲ. ದಿನಾ ಮಾಡಬೇಕಾಗ್ತದ." ಹಾಗೆಂದು ಆಕೆ ಹಾಲ್‌ಗೆ ಹೋದಳು. ಎಂಟು ದಿನದ ಲೆಕ್ಕ ಮತ್ತೆ ಒಂದರಿಂದಲೇ ಎಂದು ನಾನು ಮುಖ ಇಳಿಬಿಟ್ಟು ಕೂತಿದ್ದೆ. ಆಕೆ ಸುತ್ತಿದ ಹಾಸಿಗೆಯನ್ನು ಕಂಕುಳಲ್ಲಿ ಹಿಡಿದು ಒಳಗೆ ಬಂದು, ತನ್ನ ಹಳೆಯ ಜಾಗದಲ್ಲಿ ಬಿಚ್ಚಿ ಹಾಸಿದಳು.

ಅಂದಿನಿಂದ ಮಷೀನು ಒಂಬತ್ತರಲ್ಲೇ ಇದೆ, ನಾನು ಸುಖವಾಗಿದ್ದೇನೆ. ಮೂವತ್ತು ವರ್ಷದಲ್ಲಿ ಎಷ್ಟೋ ಇನ್‌ಸ್ಪೆಕ್ಟರುಗಳನ್ನು ನೋಡಿದ್ದೇನೆ. ತಪಾಸಣೆಗೆ ಹಾಸಿಗೆ ಸಮೇತ ಬಂದವರು ಇವರೊಬ್ಬರೇ.